ಈ ವರ್ಷ ಎಲ್ಲರೂ ಸೇರಿ ಒಂದೇ ಡಯೋರಾಮ ಕಟ್ಟೋಣವೇ? ದಾವಣಗೆರೆ–ಚಿತ್ರದುರ್ಗ ಸ್ಕೇಲ್ ಮಾಡೆಲ್ ಗೆಳೆಯರ ಚರ್ಚೆ

ವಿಜ್ಞಾನ ಶಿಕ್ಷಕ, ದಾವಣಗೆರೆ

ಗೆಳೆಯರೇ, ಒಂದು ತಿಂಗಳು ದಾವಣಗೆರೆಯಲ್ಲಿ, ಮರು ತಿಂಗಳು ಚಿತ್ರದುರ್ಗದಲ್ಲಿ ಸೇರುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ನೆಲೆಯೂರಿದೆ. ಆದರೆ ಈಚೆಗೆ ಬಹಳಷ್ಟು ಜನ ಪೂರ್ತಿ ಮುಗಿದ ಮಾದರಿಯನ್ನೇ ಡಬ್ಬಿಯಲ್ಲಿ ಜೋಪಾನವಾಗಿ ತಂದು, ಮೇಜಿನ ಮೇಲಿಟ್ಟು, ಎಲ್ಲರ ಮೆಚ್ಚುಗೆ ಪಡೆದು, ಹಾಗೆಯೇ ಮನೆಗೆ ಒಯ್ಯುತ್ತಿರುವುದನ್ನು ಗಮನಿಸುತ್ತಿದ್ದೇನೆ. ಮುಗಿದ ಮಾದರಿಯ ಮುಂದೆ ‘ಚೆನ್ನಾಗಿದೆ’ ಎನ್ನುವುದನ್ನು ಬಿಟ್ಟರೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ರೆಕ್ಕೆ ಇನ್ನೂ ಅಂಟದ, ಪುಟ್ಟಿ ಇನ್ನೂ ಉಜ್ಜದ, ಬಣ್ಣದ ಬಗ್ಗೆ ಇನ್ನೂ ತೀರ್ಮಾನವಾಗದ ಮಾದರಿಗೆ ಮಾತ್ರ ಇನ್ನೊಬ್ಬರ ಕೈ ಮತ್ತು ಬುದ್ಧಿ ಸೇರಬಹುದು. ಕ್ಲಬ್ಬು ಎಂಬುದು ಇರುವುದೇ ಅದಕ್ಕಾಗಿ ಎಂದು ನಾನು ನಂಬಿದ್ದೇನೆ.

ಆದ್ದರಿಂದ ಈ ವರ್ಷ ಎಲ್ಲರೂ ಸೇರಿ ಒಂದು ಡಯೋರಾಮ, ಅಂದರೆ ಸುತ್ತಲಿನ ನೆಲದ ಸಮೇತ ಒಂದು ಇಡೀ ದೃಶ್ಯದ ಮಾದರಿ, ಕಟ್ಟೋಣ ಎಂಬುದು ನನ್ನ ಪ್ರಸ್ತಾಪ. ವಿಷಯ ನಮ್ಮ ಸೀಮೆಯಲ್ಲೇ ಇದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ಮರುಬಳಕೆ ಉಡಾವಣಾ ವಾಹನವನ್ನು ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಮೇಲಕ್ಕೊಯ್ದು, 4.5 ಕಿ.ಮೀ. ಎತ್ತರದಲ್ಲಿ ಕಳಚಿಬಿಟ್ಟಿತು. ಅಲ್ಲಿಂದ ಆ ವಾಹನ ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಅಷ್ಟು ಎತ್ತರದಲ್ಲಿ ಬಿಟ್ಟು, ಅದು ತಾನಾಗಿ ಇಳಿಯುವಂತೆ ಮಾಡಿದ್ದು ಜಗತ್ತಿನಲ್ಲೇ ಮೊದಲು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೂ ಕಠಿಣ ಕೋನಗಳಿಂದ ಇದೇ ಪರೀಕ್ಷೆ ಇದೇ ನೆಲದಲ್ಲಿ ನಡೆಯಿತು. ಸ್ಪಿಟ್‌ಫೈರ್ ಕಟ್ಟುವವರು ಜಗತ್ತಿನ ಎಲ್ಲ ಊರುಗಳಲ್ಲೂ ಇದ್ದಾರೆ. ಚಳ್ಳಕೆರೆಯ ಈ ಬೆಳಗನ್ನು ನಾವು ಕಟ್ಟದಿದ್ದರೆ ಇನ್ನಾರು ಕಟ್ಟಬೇಕು?

1:72 ಸ್ಕೇಲನ್ನು ಸೂಚಿಸುತ್ತೇನೆ. ಆ ಸ್ಕೇಲಿನಲ್ಲಿ ಒಂದು ಅಂಗುಲವೆಂದರೆ ಆರು ಅಡಿ, ಲೆಕ್ಕ ಸುಲಭ. ಚಿನೂಕಿನ ಕಿಟ್ ಆ ಸ್ಕೇಲಿನಲ್ಲಿ ಸಿಗುತ್ತದೆ. 18.29 ಮೀಟರ್ ವ್ಯಾಸದ ಅದರ ರೋಟರ್ 25.4 ಸೆಂ.ಮೀ. ಆಗುತ್ತದೆ. 2016ರಲ್ಲಿ ಶ್ರೀಹರಿಕೋಟಾದಿಂದ ಹಾರಿದ ಮೊದಲ ಮರುಬಳಕೆ ವಾಹನದ ಉದ್ದ 6.5 ಮೀಟರ್ ಇತ್ತು. ಆ ಗಾತ್ರವನ್ನೇ ಹಿಡಿದರೆ ನಮ್ಮ ಮಾದರಿ 9 ಸೆಂ.ಮೀ.ಗೆ ನಿಲ್ಲುತ್ತದೆ. ಅದನ್ನು ನಾವೇ ಕೈಯಾರೆ ಮಾಡಬೇಕು. ಎಲ್ಲರ ಅಭಿಪ್ರಾಯ ತಿಳಿಸಿ.

ಟ್ಯಾಂಕ್ ಪ್ರಿಯ, ಚಿತ್ರದುರ್ಗ

ಸರ್, ನಿಮ್ಮ ಉತ್ಸಾಹದ ಬಗ್ಗೆ ಗೌರವವಿಟ್ಟುಕೊಂಡೇ ನನ್ನ ಆಕ್ಷೇಪವನ್ನು ಹೇಳುತ್ತೇನೆ. ಸಾಮೂಹಿಕ ಕೆಲಸ ಎಂದೊಡನೆ ಮೂವರು ದುಡಿಯುವುದು, ಉಳಿದವರು ನೋಡುವುದು ನಮ್ಮ ಕಡೆಯ ಗಣಪತಿ ಪೆಂಡಾಲಿನಿಂದ ಹಿಡಿದು ಎಲ್ಲೆಡೆಯೂ ಕಂಡದ್ದೇ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದು ಸ್ಕೇಲನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಕೊಂಡಿದ್ದಾರೆ. ನಾನು 1:35ರ ಮನುಷ್ಯ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರ್ ಇರುವ ಪ್ಯಾಂಥರ್ ಟ್ಯಾಂಕನ್ನು ಮಾಡುವಾಗ, ಒಳಗೆ ಬ್ಯಾಟರಿ ಕೂರಬೇಕೆಂದು ಹಿಡಿದ ಗಾತ್ರವೇ ಮುಂದೆ ಟ್ಯಾಂಕುಗಳಿಗೆಲ್ಲ ರೂಢಿಯಾಯಿತು. ಕಾರಣ ಏನೇ ಇರಲಿ, ಆ ಗಾತ್ರದಲ್ಲಿ ಸರಪಳಿಯ ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಹಿಡಿದು ಜೋಡಿಸುವ ಸುಖ 1:72ರಲ್ಲಿ ಸಿಗುವುದಿಲ್ಲ.

ಸದ್ಯ ನನ್ನ ಮೇಜಿನ ಮೇಲೆ ವಿಜಯಂತ ಟ್ಯಾಂಕ್ ಇದೆ. ಆವಡಿಯಲ್ಲಿ ತಯಾರಾಗಿ 1965ರಿಂದ ನಮ್ಮ ಸೇನೆಗೆ ಬಂದ ಆ ಟ್ಯಾಂಕಿನ ಒಡಲನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡುತ್ತಿದ್ದೇನೆ. ಗೋಪುರದ ಇಳಿಜಾರಿನ ಮೂಲೆಗಳು ಒಂದಕ್ಕೊಂದು ಕೂಡುವ ಜಾಗದಲ್ಲಿ ಹಾಳೆಯ ಅಂಚನ್ನು ಓರೆಯಾಗಿ ಉಜ್ಜಿ ಸೇರಿಸದಿದ್ದರೆ ಸೀಳು ಬಿಡುತ್ತದೆ, ಪುಟ್ಟಿ ತುಂಬಿದರೆ ಅಂಚಿನ ಹರಿತ ಹೋಗುತ್ತದೆ. ಇಂಥ ಕೆಲಸಕ್ಕೆ ತಿಂಗಳುಗಳು ಬೇಕು. ಕ್ಲಬ್ಬಿನ ಡಯೋರಾಮ ಅದನ್ನು ನುಂಗಿಹಾಕಬಾರದು. ಒಂದುವೇಳೆ ಒಟ್ಟಾಗಿ ಮಾಡುವುದೇ ಆದರೆ ಕೋಟೆಯನ್ನು ಮಾಡೋಣ. ಏಳು ಸುತ್ತಿನ ಕೋಟೆಯ ಕೆಳಗೇ ಬದುಕುತ್ತಿರುವ ನಾವು ಒನಕೆ ಓಬವ್ವನ ಕಿಂಡಿಯನ್ನು ಬಿಟ್ಟು ರನ್‌ವೇಗೆ ಏಕೆ ಹೋಗಬೇಕು?

ನಿವೃತ್ತ ಲೇತ್ ಕಾರ್ಮಿಕ, ಹರಿಹರ

ಟ್ಯಾಂಕಿನವರು ತಮ್ಮ ವಿಜಯಂತದ ತೋಪಿನ ನಳಿಗೆಯ ವಿಷಯವನ್ನು ಬರೆಯಲಿಲ್ಲ. ಅದನ್ನು ನಾನೇ ಬರೆಯುತ್ತೇನೆ, ಏಕೆಂದರೆ ಇಲ್ಲಿನ ಚರ್ಚೆಗೆ ಅದು ನೇರವಾಗಿ ಸಂಬಂಧಿಸಿದೆ.

ಆ ತೋಪಿನ ಬಾಯಿಯ ಒಳವ್ಯಾಸ 105 ಮಿ.ಮೀ.; 1:35ರಲ್ಲಿ ಸರಿಯಾಗಿ 3 ಮಿ.ಮೀ. ಉದ್ದ ಸುಮಾರು 15 ಸೆಂ.ಮೀ. ಅವರು ಪ್ಲಾಸ್ಟಿಕ್ ಕೊಳವೆಯಲ್ಲಿ ಅದನ್ನು ಮಾಡಿ ತಂದಿದ್ದರು. ಕಣ್ಣಿಗೆ ನೇರವಾಗಿ ಕಂಡರೂ ಬೆಳಕಿಗೆ ಹಿಡಿದಾಗ ಬಾಗು ತಿಳಿಯುತ್ತಿತ್ತು. ನಾನು ಹಿತ್ತಾಳೆ ಸಲಾಕೆಯಿಂದ ಕಡೆದು ಕೊಡುತ್ತೇನೆಂದು ತೆಗೆದುಕೊಂಡು ಹೋದೆ. ಸಣ್ಣ ಸಲಾಕೆಯನ್ನು ಅಷ್ಟುದ್ದ ಕಡೆಯುವಾಗ ಉಳಿಯ ಒತ್ತಡಕ್ಕೆ ಅದು ನಡುವೆ ಬಾಗಿ ಹಿಂದೆ ಸರಿಯುತ್ತದೆ, ಆದ್ದರಿಂದ ನಡುಭಾಗ ದಪ್ಪವಾಗಿ ಉಳಿಯುತ್ತದೆ. ಅದಕ್ಕಾಗಿ ಮೊದಲು ಬಾಯಿಯ ಕಡೆ 3 ಮಿ.ಮೀ. ರಂಧ್ರವನ್ನು ಸ್ವಲ್ಪ ಆಳಕ್ಕೆ ಕೊರೆದು, ಆ ರಂಧ್ರಕ್ಕೇ ಟೇಲ್‌ಸ್ಟಾಕಿನ (ಲೇತಿನ ಇನ್ನೊಂದು ತುದಿಯಲ್ಲಿ ವಸ್ತುವನ್ನು ಹಿಡಿಯುವ ಭಾಗದ) ಮೊನೆಯನ್ನು ಆಸರೆಯಾಗಿ ಕೊಟ್ಟೆ. ತೋಪಿನ ಬಾಯಿಯೂ ಆಯಿತು, ಸಲಾಕೆಗೆ ಹಿಡಿತವೂ ಸಿಕ್ಕಿತು. ಟೇಲ್‌ಸ್ಟಾಕನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಮೊನಚು ಇಳಿಜಾರು ತೆಗೆದು, ಹೊಗೆ ಹೀರುವ ಉಬ್ಬಿನ ಜಾಗವನ್ನು ಮಾತ್ರ ದಪ್ಪ ಬಿಟ್ಟು, ಕಡೆಗೆ ನಯವಾದ ಎಮರಿ ಪೇಪರ್ ಹಿಡಿದೆ. ದುಡಿಯುವ ದಿನಗಳಲ್ಲಿ ಇದಕ್ಕಿಂತ ನೂರು ಪಟ್ಟು ತೂಕದ ವಸ್ತುಗಳನ್ನು ಕಡೆದಿದ್ದೇನೆ. ಆದರೆ ಈ ಸಣ್ಣ ನಳಿಗೆಯನ್ನು ಗೋಪುರಕ್ಕೆ ಸೇರಿಸಿದಾಗ ಆದ ಸಂತೋಷ ಬೇರೆಯೇ.

ನನ್ನದೇ ಕೆಲಸವೆಂದರೆ ಮೀಟರ್ ಗೇಜ್ ಕಾಲದ ಹರಿಹರ ನಿಲ್ದಾಣ. ಬೆಂಗಳೂರು–ಹುಬ್ಬಳ್ಳಿ ದಾರಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗುವ ಮುಂಚೆ ಓಡುತ್ತಿದ್ದ ಸಣ್ಣ ರೈಲುಗಳನ್ನು ನಾನು ಕಣ್ಣಾರೆ ಕಂಡವನು. 1:87 ಸ್ಕೇಲಿನಲ್ಲಿ ಮೀಟರ್ ಗೇಜಿಗೆ 12 ಮಿ.ಮೀ. ಅಂತರದ ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಬ್ರಾಡ್ ಗೇಜ್ ಮಾಡುವವರಿಗೇ ತೊಂದರೆ: ನಮ್ಮ 1676 ಮಿ.ಮೀ. ಹಳಿ ಆ ಸ್ಕೇಲಿನಲ್ಲಿ 19 ಮಿ.ಮೀ.ಗಿಂತ ತುಸು ಹೆಚ್ಚಾಗಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ. ಮಾತ್ರ, ಅದರ ಮೇಲೆ ಭಾರತದ ಎಂಜಿನ್ ಇಟ್ಟರೆ ಚಕ್ರಗಳು ಒಳಗೆ ಸರಿದಂತೆ ಕಾಣುತ್ತವೆ. ಮೀಟರ್ ಗೇಜಿನ ವೈಪಿ ಉಗಿ ಎಂಜಿನ್ನಿನ ದೊಡ್ಡ ಚಕ್ರದ ವ್ಯಾಸ 1372 ಮಿ.ಮೀ. ನನ್ನ ಲೇತಿನಲ್ಲಿ ಅದನ್ನು 15.8ಕ್ಕೆ ಇಳಿಸಿದ್ದೇನೆ. ಅರೆಗಳನ್ನು ಮಾತ್ರ ಲೇತಿನಲ್ಲಿ ತೆಗೆಯಲಾಗದು, ಅದಕ್ಕೆ ದಾವಣಗೆರೆಯ ಎಂಜಿನಿಯರಿಂಗ್ ಹುಡುಗ ತನ್ನ ರೆಸಿನ್ 3ಡಿ ಪ್ರಿಂಟರಿನಲ್ಲಿ ಮಾಡಿ ಕೊಡುತ್ತಿದ್ದಾನೆ.

ನನ್ನ ಅಭಿಪ್ರಾಯ ಇಷ್ಟೇ. ಒಟ್ಟಾಗಿ ಮಾಡುವುದು ಈಗಾಗಲೇ ನಡೆಯುತ್ತಿದೆ. ಅದಕ್ಕೊಂದು ಹಲಗೆ ಬೇಕು ಎಂದು ಮೇಷ್ಟ್ರು ಕೇಳುತ್ತಿದ್ದಾರೆ ಅಷ್ಟೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಚಕ್ರಗಳು ತಯಾರಾಗಿವೆ ಸರ್, ಮುಂದಿನ ಭೇಟಿಗೆ ತರುತ್ತೇನೆ. 0.05 ಮಿ.ಮೀ. ಪದರದಲ್ಲಿ ಮುದ್ರಿಸಿದ್ದರಿಂದ ಅರೆಗಳ ಮೇಲೆ ಗೆರೆ ಕಾಣುತ್ತಿಲ್ಲ. ಮರುಬಳಕೆ ವಾಹನದ ಒಡಲನ್ನು ಮುದ್ರಿಸುವ ಹೊಣೆಯನ್ನೂ ನಾನು ಹೊರುತ್ತೇನೆ. ಹೊಸಬರಿಗೆ ಒಂದು ಎಚ್ಚರಿಕೆ: ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ. ಕೈಗವಸಿಲ್ಲದೆ ಮುಟ್ಟಬಾರದು, ಆಲ್ಕೋಹಾಲಿನಲ್ಲಿ ತೊಳೆದು ನೇರಳಾತೀತ ಬೆಳಕಿನಲ್ಲಿ ಪೂರ್ತಿ ಗಟ್ಟಿಮಾಡಿದ ಮೇಲೆಯೇ ಉಜ್ಜಬೇಕು. ತೊಳೆದ ದ್ರವವನ್ನು ಬಚ್ಚಲಿಗೆ ಚೆಲ್ಲಬಾರದು.

ಮಂಡಕ್ಕಿ ಭಟ್ಟಿ ಕಟ್ಟುತ್ತಿರುವವಳು, ದಾವಣಗೆರೆ

ನಾನು ಕ್ಲಬ್ಬಿಗೆ ಸೇರಿದಾಗ ನನ್ನ ಬಳಿ ಒಂದು ಕಿಟ್ ಕೂಡ ಇರಲಿಲ್ಲ. ವಿದೇಶದಿಂದ ಬರುವ ಕಿಟ್ಟುಗಳ ಬೆಲೆಗೆ ಸುಂಕ, ಸಾಗಣೆ ಎಲ್ಲ ಸೇರಿದರೆ ವಿದ್ಯಾರ್ಥಿಗಳ ಕೈಗೆ ಎಟುಕುವುದಿಲ್ಲ. ಆಗ ಇಲ್ಲಿನ ಹಿರಿಯರು, ಕಿಟ್ ಇಲ್ಲದಿದ್ದರೆ ಕಣ್ಣಿಗೆ ಕಂಡದ್ದನ್ನು ಕಟ್ಟು ಎಂದರು. ಹಾಗಾಗಿ ನಮ್ಮೂರಿನ ಮಂಡಕ್ಕಿ ಭಟ್ಟಿಯೊಂದನ್ನು 1:24 ಸ್ಕೇಲಿನಲ್ಲಿ ಸನ್‌ಬೋರ್ಡ್ ಮತ್ತು ಕಡ್ಡಿಗಳಿಂದ ಕಟ್ಟುತ್ತಿದ್ದೇನೆ.

ಎಲ್ಲರೂ ಕೇಳುವುದು ಮಂಡಕ್ಕಿಯನ್ನು ಹೇಗೆ ಮಾಡಿದೆ ಎಂದು. ನಿಜವಾದ ಮಂಡಕ್ಕಿ ಕಾಳು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದವಿರುತ್ತದೆ. ನನ್ನ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ. ಮೊದಲು ಯೋಚಿಸಿದ್ದು ಚಿರೋಟಿ ರವೆ. ಗಾತ್ರ ಹೊಂದುತ್ತಿತ್ತು, ಆದರೆ ತಿನ್ನುವ ವಸ್ತುವಾದ್ದರಿಂದ ಇರುವೆ, ಹುಳುಗಳ ಭಯ. ಆಮೇಲೆ ಥರ್ಮಾಕೋಲನ್ನು ಒರಟು ಉಪ್ಪುಕಾಗದಕ್ಕೆ ಉಜ್ಜಿ ಬಂದ ಪುಡಿಯನ್ನು ಜರಡಿ ಹಿಡಿದು ಬಳಸಿದೆ. ಅದರ ಬಿಳುಪಿಗೆ ತುಸು ಹಳದಿ ಬೆರೆಸಿದ ಮೇಲೆ ಬುಟ್ಟಿಯಲ್ಲಿ ತುಂಬಿದ ಬಿಸಿ ಮಂಡಕ್ಕಿಯಂತೆಯೇ ಕಾಣುತ್ತದೆ. ಒಲೆಯ ಪಕ್ಕದ ಭತ್ತದ ಹೊಟ್ಟಿನ ರಾಶಿಗೆ ಸಾಮಿಲ್ಲಿನ ನುಣ್ಣನೆಯ ಮರದ ಪುಡಿ ಸಾಕಾಯಿತು.

ತಗಡಿನ ಸೂರಿಗೆ ಮಾತ್ರ ದಾರಿ ಕಾಣುತ್ತಿರಲಿಲ್ಲ. ಹರಿಹರದ ಹಿರಿಯರು ಎರಡು ಹಿತ್ತಾಳೆ ಉರುಳೆಗಳ ಮೇಲೆ 3 ಮಿ.ಮೀ.ಗೆ ಒಂದರಂತೆ ಬಳೆಯಾಕಾರದ ಗೀರುಗಳನ್ನು ಕಡೆದು ತಂದುಕೊಟ್ಟರು. ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತೆಳು ಅಲ್ಯೂಮಿನಿಯಮ್ ತುಂಡನ್ನು ಅವುಗಳ ನಡುವೆ ತೂರಿಸಿ ತಿರುಗಿಸಿದರೆ ಸುಕ್ಕುತಗಡು ಸಿದ್ಧ. ಆ ಉರುಳೆಗಳನ್ನು ಈಗ ಬಸ್ ನಿಲ್ದಾಣ ಕಟ್ಟುತ್ತಿರುವ ಹೊಳಲ್ಕೆರೆಯ ಸದಸ್ಯರು ಒಯ್ದಿದ್ದಾರೆ. ಹೊಗೆಯ ಮಸಿಯ ಬಗ್ಗೆ ಟ್ಯಾಂಕಿನ ಸರ್ ಹೇಳಿದ ಮಾತೂ ಉಪಯೋಗಕ್ಕೆ ಬಂತು. ಮಸಿ ಗೋಡೆಯ ಮೇಲೆಲ್ಲ ಒಂದೇ ಸಮನೆ ಕೂರುವುದಿಲ್ಲ, ಹೊಗೆ ಹೊರಗೆ ನುಗ್ಗುವ ಸಂದಿಯ ಮೇಲ್ಭಾಗದಲ್ಲಿ ದಟ್ಟವಾಗಿ, ಆಮೇಲೆ ಚದುರಿ ತೆಳುವಾಗುತ್ತದೆ ಎಂದು ಅವರು ಟ್ಯಾಂಕಿನ ಹೊಗೆಕೊಳವೆಯನ್ನು ತೋರಿಸಿ ವಿವರಿಸಿದ್ದರು. ಟ್ಯಾಂಕಿನ ವಿದ್ಯೆ ಭಟ್ಟಿಗೆ ಬಂದದ್ದು ಹೀಗೆ. ಆದ್ದರಿಂದ ಸ್ಕೇಲ್ ಬೇರೆ ಬೇರೆ ಎಂಬ ಕಾರಣಕ್ಕೆ ಒಟ್ಟಿಗೆ ಕೆಲಸ ಮಾಡಲಾಗದು ಎಂಬುದನ್ನು ನಾನು ಒಪ್ಪುವುದಿಲ್ಲ ಸರ್.

ಟ್ಯಾಂಕ್ ಪ್ರಿಯ, ಚಿತ್ರದುರ್ಗ

ನಳಿಗೆಯ ಋಣವನ್ನು ನಾನು ಮರೆತಿಲ್ಲ. ನಿಮ್ಮಿಬ್ಬರ ಮಾತಿಗೂ ಬೆಲೆ ಕೊಡುತ್ತೇನೆ. ಆದರೂ ಒಂದು ಪ್ರಶ್ನೆ ಉಳಿದಿದೆ. ಡಯೋರಾಮದಲ್ಲಿ ತೋರಿಸುವುದು ಯಾವ ಕ್ಷಣವನ್ನು? ವಾಹನವನ್ನು ಕಳಚಿದ ಎತ್ತರ 4.5 ಕಿ.ಮೀ. ಎಂದರೆ 1:72ರಲ್ಲಿ ಚಿನೂಕ್ ನಮ್ಮ ಮೇಜಿನಿಂದ 62.5 ಮೀಟರ್ ಮೇಲಿರಬೇಕು. ಅದನ್ನು ಒಂದೂವರೆ ಅಡಿಯ ಕಡ್ಡಿಯ ಮೇಲೆ ನಿಲ್ಲಿಸಿ, ಕೆಳಗೆ ರನ್‌ವೇ ಬಿಡಿಸಿದರೆ, ಸ್ಕೇಲಿಗಾಗಿ ಪ್ರಾಣ ಬಿಡುವ ನಾವೇ ಸ್ಕೇಲಿಗೆ ದ್ರೋಹ ಮಾಡಿದಂತೆ.

ಕಾವಲಿನವನು, ಚಳ್ಳಕೆರೆ

ಟ್ಯಾಂಕಿನವರ ಪ್ರಶ್ನೆ ಸರಿಯಾಗಿದೆ, ನನ್ನದು ಅದಕ್ಕೆ ಹೊಂದಿದ ಇನ್ನೊಂದು. ಎಲ್ಲರೂ ವಾಹನದ ಬಗ್ಗೆ ಮಾತನಾಡುತ್ತಿದ್ದೀರಿ, ನೆಲದ ಬಗ್ಗೆ ಯಾರೂ ಮಾತನಾಡಿಲ್ಲ. ಆ ರನ್‌ವೇ ಇರುವುದು ಅಮೃತ್ ಮಹಲ್ ಕಾವಲಿನ ಭೂಮಿಯಲ್ಲಿ. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳಿಗೆಂದು ಮೀಸಲಿದ್ದ ಹುಲ್ಲುಗಾವಲು ಅದು. ಸುತ್ತಲಿನ ಹಳ್ಳಿಗಳ ಕುರಿಗಳು ಮೇದದ್ದು, ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬಂದದ್ದು ಇಂಥ ನೆಲದಿಂದಲೇ. ಕಾವಲು ಸಂಸ್ಥೆಗಳ ಪಾಲಾದಾಗ ಹಳ್ಳಿಗರು ವಿರೋಧಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಇಸ್ರೋದ ಸಾಧನೆಯ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಕಾವಲನ್ನು ಬಿಟ್ಟು ಬರಿಯ ಡಾಂಬರು, ಬಿಳಿ ಗೆರೆ ತೋರಿಸಿದರೆ ಅದು ಯಾವ ದೇಶದ ರನ್‌ವೇ ಬೇಕಾದರೂ ಆದೀತು, ಚಳ್ಳಕೆರೆಯದಾಗುವುದಿಲ್ಲ.

ಯಾವ ದಿನವನ್ನು ತೋರಿಸುತ್ತೇವೆ ಎಂಬುದರ ಮೇಲೆ ನೆಲದ ಬಣ್ಣ ನಿಂತಿದೆ. 2023ರ ಏಪ್ರಿಲ್ 2 ಎಂದರೆ ಹುಲ್ಲು ಪೂರ್ತಿ ಒಣಗಿ, ಗೋಧಿಯ ಹುಲ್ಲಿನ ಬಣ್ಣಕ್ಕೆ ಬಂದು, ಬುಡದಲ್ಲಿ ಮಣ್ಣು ಕಾಣುವ ಕಾಲ. 2024ರ ಜೂನ್ 23 ಎಂದರೆ ಮುಂಗಾರು ಶುರುವಾದ ಕಾಲ, ಹಸಿರು ಬೆರೆಸಬೇಕಾಗುತ್ತದೆ. ಏಪ್ರಿಲ್ಲನ್ನೇ ಆರಿಸಿಕೊಂಡರೆ ಹುಲ್ಲಿಗೆ ಹೊರಗೆ ಹುಡುಕಬೇಕಿಲ್ಲ. ಒಂದಡಿ ಎತ್ತರದ ಹುಲ್ಲು ನಮ್ಮ ಸ್ಕೇಲಿನಲ್ಲಿ 4 ಮಿ.ಮೀ.; ಶೇಂಗಾ ತುಂಬಿದ್ದ ಹಳೆಯ ಗೋಣಿಚೀಲದ ನಾರನ್ನು ಬಿಡಿಸಿ, ಕತ್ತರಿಸಿ, ಅಂಟಿನ ಮೇಲೆ ಗೊಂಚಲು ಗೊಂಚಲಾಗಿ ನೆಟ್ಟರೆ ಬಣ್ಣ ಬಳಿಯುವ ಅಗತ್ಯವೂ ಬೀಳುವುದಿಲ್ಲ. ನಡುನಡುವೆ ಬೋಳು ನೆಲ ಬಿಡಬೇಕು. ಒತ್ತಾಗಿ ನೆಟ್ಟರೆ ಮಲೆನಾಡಾಗುತ್ತದೆ. ಕುರಿಗಳು ಒಂದು ಸೆಂಟಿಮೀಟರ್ ಎತ್ತರಕ್ಕೆ ಬರುತ್ತವೆ. ಅವನ್ನು ಎಪಾಕ್ಸಿ ಪುಟ್ಟಿಯಲ್ಲಿ ನಾನು ಮಾಡುತ್ತೇನೆ. ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾಹಿಯೂ ಇರಲೇಬೇಕು.

ಔಷಧ ಅಂಗಡಿಯವನು, ದಾವಣಗೆರೆ

ಬಣ್ಣದ ಹೊಣೆ ನನಗಿರಲಿ. ಬೇಸಿಗೆಯಲ್ಲಿ ನಮ್ಮ ಕಡೆಯ ಒಣ ಹವೆಗೆ ಅಕ್ರಿಲಿಕ್ ಬಣ್ಣ ಅದನ್ನು ಸಿಂಪಡಿಸುವ ಏರ್‌ಬ್ರಷ್ಷಿನ ಸೂಜಿಯ ತುದಿಯಲ್ಲೇ ಒಣಗಿ ಚಿಟಿಚಿಟಿ ಉಗುಳುತ್ತದೆ. ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಕೆಲವು ಹನಿ ಬೆರೆಸಿ, ಒತ್ತಡವನ್ನು 15–20 ಪಿಎಸ್‌ಐ ಒಳಗಿಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲೇ ಕೆಲಸ ಮುಗಿಸುವುದು ಲೇಸು. ಧೂಳೆಬ್ಬಿಸುವ ಫ್ಯಾನ್ ಬೇಡ. ಮುಖಕ್ಕೆ ಬರಿಯ ಬಟ್ಟೆ ಕಟ್ಟಿಕೊಂಡರೆ ಥಿನ್ನರಿನ ಆವಿ ತಡೆಯುವುದಿಲ್ಲ, ಇಂಗಾಲದ ಫಿಲ್ಟರ್ ಇರುವ ಮಾಸ್ಕ್ ಬೇಕು. ಚಿನೂಕಿನ ಕಿಟಕಿಗಳಿಗೆ ಯಾರೂ ಸೂಪರ್ ಗ್ಲೂ ಮುಟ್ಟಿಸಬೇಡಿ, ಅದರ ಆವಿಗೆ ಗಾಜು ಮಸುಕಾಗುತ್ತದೆ. ಬಿಳಿ ಫೆವಿಕಾಲ್ ಸಾಕು.

ವಿಜ್ಞಾನ ಶಿಕ್ಷಕ, ದಾವಣಗೆರೆ

ಎಲ್ಲರ ಮಾತನ್ನೂ ಓದಿದೆ. ಕ್ಷಣದ ಪ್ರಶ್ನೆಗೆ ನನ್ನ ಉತ್ತರ: ಇಳಿದ ಕ್ಷಣವನ್ನೇ ತೋರಿಸೋಣ. ಚಕ್ರಗಳು ನೆಲ ಮುಟ್ಟಿ, ವೇಗ ತಗ್ಗಿಸುವ ಪ್ಯಾರಾಚೂಟ್ ಹಿಂದೆ ಅರಳಿರುವ ನೋಟ. ತೆಳುವಾದ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ತೋಯಿಸಿ, ಸಣ್ಣ ಬಟ್ಟಲಿನ ಮೇಲೆ ಹರಡಿ ಒಣಗಿಸಿದರೆ ಪ್ಯಾರಾಚೂಟಿನ ಉಬ್ಬು ಬರುತ್ತದೆ. ಚಿನೂಕ್ ಈ ಹಲಗೆಯ ಮೇಲೆ ಬರುವುದಿಲ್ಲ. ಅದನ್ನು ಕಟ್ಟಲು ಆಸೆಪಟ್ಟವರು ಪ್ರತ್ಯೇಕವಾಗಿ ಕಟ್ಟಿ, ಪಕ್ಕದಲ್ಲಿ ಅದರದ್ದೇ ಪೀಠದ ಮೇಲೆ ಇಡಲಿ. ಸ್ಕೇಲಿನ ಮರ್ಯಾದೆಯೂ ಉಳಿಯುತ್ತದೆ.

ಮೂರಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆ ನಮ್ಮ ಸ್ಕೇಲಿನಲ್ಲಿ 216 ಅಡಿಗೆ 144 ಅಡಿ ನೆಲ. ಅಷ್ಟರೊಳಗೆ ರನ್‌ವೇ, ಬೇಲಿ, ಬೇಲಿಯಾಚೆಯ ಕುರಿ ಎಲ್ಲವನ್ನೂ ತುರುಕಿದರೆ ಸುಳ್ಳಾಗುತ್ತದೆ. ಚಳ್ಳಕೆರೆಯವರ ಮಾತನ್ನು ಬಿಡಲೂ ಮನಸ್ಸಾಗುವುದಿಲ್ಲ, ಏಕೆಂದರೆ ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ ಮಾತು ಅದೇ. ಹಾಗಾಗಿ ಎರಡು ಹಲಗೆ ಮಾಡೋಣ. ಒಂದರಲ್ಲಿ ರನ್‌ವೇ ಮತ್ತು ವಾಹನ, ಇನ್ನೊಂದರಲ್ಲಿ ಅದೇ ಬೆಳಗಿನ ಕಾವಲು, ಕುರಿಗಳು, ಕುರಿಗಾಹಿ. ಎರಡರ ನಡುವೆ ಅಂಗೈ ಅಗಲದ ಖಾಲಿ ಜಾಗ ಬಿಟ್ಟು ಪ್ರದರ್ಶಿಸೋಣ, ಅವು ಅಂಟಿಕೊಂಡಿಲ್ಲ ಎಂಬುದು ನೋಡುವವರಿಗೆ ತಿಳಿಯಲಿ. ವಾಹನ ಇಳಿದದ್ದು ಬೆಳಿಗ್ಗೆ 7.40ಕ್ಕೆ, ಆದ್ದರಿಂದ ಎರಡೂ ಹಲಗೆಗಳಿಗೆ ಒಂದೇ ದಿಕ್ಕಿನಿಂದ ತಗ್ಗಿನ ದೀಪ ಹಾಕಬೇಕು.

ಟ್ಯಾಂಕಿನವರ ಆತಂಕಕ್ಕೆ ಒಂದು ಕಟ್ಟುಪಾಡು: ಭೇಟಿಯ ಮೊದಲರ್ಧ ಸದಸ್ಯರ ಸ್ವಂತ ಕೆಲಸಗಳಿಗೇ ಮೀಸಲು. ಅರ್ಧ ಮುಗಿದದ್ದನ್ನು ತಂದವರಿಗೆ ಮೊದಲ ಸರದಿ, ಪೂರ್ತಿ ಮುಗಿಸಿದವರಿಗೆ ಆಮೇಲೆ. ಹಲಗೆಯ ಕೆಲಸ ಉತ್ತರಾರ್ಧದಲ್ಲಿ, ಬರಲಾಗದವರ ಮೇಲೆ ಒತ್ತಾಯವಿಲ್ಲ. ಕೋಟೆಯ ವಿಷಯವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣ. ಬಂಡೆಗಳ ಅಚ್ಚು ತೆಗೆಯಲು, ಕಲ್ಲಿನ ಬಣ್ಣ ಗುರುತು ಮಾಡಿಕೊಳ್ಳಲು ಈ ವರ್ಷದಿಂದಲೇ ಚಿತ್ರದುರ್ಗದ ಭೇಟಿಗಳಲ್ಲಿ ಕೋಟೆ ಹತ್ತಬಹುದು.

ಟ್ಯಾಂಕ್ ಪ್ರಿಯ, ಚಿತ್ರದುರ್ಗ

ಎರಡು ಹಲಗೆಯ ಯೋಜನೆಗೆ ಮತ್ತು ಮೊದಲರ್ಧದ ಕಟ್ಟುಪಾಡಿಗೆ ನನ್ನ ಒಪ್ಪಿಗೆ ಇದೆ. ವಾಹನದ ಗಾಲಿಗಳು, ಅವುಗಳ ಕಾಲುಗಳು 1:72ರಲ್ಲಿ ಬಹಳ ಸಣ್ಣವಾಗುತ್ತವೆ, ಮುದ್ರಿಸಿದರೆ ಮುರಿಯುತ್ತವೆ. ಅವನ್ನು ಹಿತ್ತಾಳೆ ತಂತಿ ಬಾಗಿಸಿ ನಾನು ಮಾಡುತ್ತೇನೆ. ಗಾಲಿಗಳನ್ನು ಕಡೆದು ಕೊಡುವಂತೆ ಹರಿಹರದ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ವಿಜಯಂತದ ಗೋಪುರವನ್ನು ಮೂಲೆಗಳನ್ನು ಅಂಟಿಸದೆ ಹಾಗೆಯೇ ತರುತ್ತಿದ್ದೇನೆ.

ನಿವೃತ್ತ ಲೇತ್ ಕಾರ್ಮಿಕ, ಹರಿಹರ

ಗಾಲಿಯ ಅಳತೆ ಕಳಿಸಿ. ಪ್ಲೈವುಡ್ಡನ್ನು ನಮ್ಮ ಬೀದಿಯ ಬಡಗಿಯಿಂದ ಅಳತೆಗೆ ಕೊಯ್ಯಿಸಿ ತರುತ್ತೇನೆ. ಬಾಗದಂತೆ ಕೆಳಗೆ ಎರಡು ಪಟ್ಟಿ ಹೊಡೆಸುತ್ತೇನೆ. ಗೋಣಿಚೀಲ ಚಳ್ಳಕೆರೆಯವರು ತಂದರಾಯಿತು.